ಕಲ್ಲುಕೋಟೆ ಸಮಾಚಾರದ ಮೂಲೆಸುದ್ದಿ

ಕಲ್ಲುಕೋಟೆ ಎಂಬ ಊರು ಯಾವ ನಕ್ಷೆಯಲ್ಲೂ ಇಲ್ಲ. ಆದರೂ ಅದಕ್ಕೊಂದು ಪತ್ರಿಕೆ ಇತ್ತು. ಅದು ಅಚ್ಚಾಗುತ್ತಿದ್ದದ್ದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಗುರುಪ್ರಕಾಶನ ಡಿಟಿಪಿ ಅಂಗಡಿಯಲ್ಲಿ. ವಾರವೆಲ್ಲ ಲಗ್ನಪತ್ರಿಕೆ, ತಿಥಿ ಕಾರ್ಡು, ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸು ಅಂತ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿ ಕೂರುತ್ತಿದ್ದ ಈ ಮಹಾನುಭಾವ, ಶನಿವಾರ ಸಂಜೆಯಾದರೆ ಸಾಕು, ಸಂಪಾದಕನಾಗಿ ಬಿಡುತ್ತಿದ್ದ.

ಎಲ್ಲ ಒಂದು ಆಟಕ್ಕಾಗಿ. ಭಾನುವಾರ ಊಟವಾದ ಮೇಲೆ ಶಟರನ್ನು ಅರ್ಧ ಎಳೆದು, ಪೇಪರ್ ಕತ್ತರಿಸುವ ಮೇಜಿನ ಸುತ್ತ ನಾಲ್ಕು ಜನ ಕೂರುತ್ತಿದ್ದರು. ಒಬ್ಬ ಇಲ್ಲದ ಲೋಕವೊಂದನ್ನು ಕಟ್ಟಿ ಹೇಳುತ್ತಾನೆ, ಅವನೇ ಮಾಸ್ಟರ್. ಮಿಕ್ಕವರು ಆ ಲೋಕದಲ್ಲಿ ಒಂದೊಂದು ಪಾತ್ರವಾಗಿ, ನಾನು ಬಾಗಿಲು ಒದೀತೀನಿ, ನಾನು ಮರದ ಮೇಲಿಂದ ಬಾಣ ಬಿಡ್ತೀನಿ ಎನ್ನುತ್ತಾರೆ. ಬಾಗಿಲು ಮುರಿಯಿತೋ, ಬಾಣ ತಾಗಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ, ಹೆಚ್ಚು ಬಿದ್ದಷ್ಟೂ ಗೆಲುವು. ಮೈಸೂರಿನ ಹಾಸ್ಟೆಲಿನಲ್ಲಿ ಇದನ್ನು ಕಲಿತು ಬಂದವಳು ಸೌಮ್ಯ. ಈಗ ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಆಟದಲ್ಲಿ ಅವಳು ಮಾಟ ಬಲ್ಲ ಮದ್ದುಗಾತಿ. ಮುರುಗೇಶ, ಗುರುಪ್ರಕಾಶನ ಪಿಯುಸಿ ಕಾಲದ ಗೆಳೆಯ. ಹೂಗ್ಯಂ ಕಡೆಯ ಸೋಲಿಗರ ಹಾಡಿಯವನು, ಅರಣ್ಯ ಇಲಾಖೆಯಲ್ಲಿ ಕಾಡು ಕಾಯುವ ವಾಚರ್. ಆಟದಲ್ಲಿ ಅವನು ಗುರಾಣಿ ಹಿಡಿದು ಎಲ್ಲರ ಮುಂದೆ ನಡೆಯುವ ಭಟ. ಬಿಲ್ಲುಗಾತಿ ಪವಿತ್ರ ಕಾಮಗೆರೆ ಆಸ್ಪತ್ರೆಯಲ್ಲಿ ನರ್ಸ್, ಮುರುಗೇಶನ ಸೋದರಮಾವ ದೊಡ್ಡಮಾದನ ಮಗಳು. ಇಬ್ಬರಿಗೂ ಲಗ್ನ ಗೊತ್ತಾಗಿತ್ತು. ಆ ಲಗ್ನಪತ್ರಿಕೆಯೂ ಇದೇ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಧ ತಯಾರಾಗಿ ಕೂತಿತ್ತು.

ಬಾಯಲ್ಲಿ ಎಷ್ಟು ಬಣ್ಣಿಸಿದರೂ ಆಡುವವರು ಆಕಳಿಸುತ್ತಿದ್ದರು. ಅದಕ್ಕೇ ಗುರುಪ್ರಕಾಶ ಪತ್ರಿಕೆ ಹಿಡಿದದ್ದು. ಉಳಿಕೆ ಕಾಗದದ ಮೇಲೆ 'ಕಲ್ಲುಕೋಟೆ ಸಮಾಚಾರ' ಅಚ್ಚು ಹಾಕಿ, ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ದಾರಕ್ಕೆ ಕ್ಲಿಪ್ ಹಾಕಿ ಒಣಗಿಸಿದರೆ ಅಜ್ಜನ ಕಾಲದ ಕಾಗದದ ಹಾಗೆ ಕಾಣುತ್ತಿತ್ತು. ಅದರಲ್ಲಿ ರಾಜನ ದರ್ಬಾರಿನ ವರದಿ, ಕಾಣೆಯಾದ ಕುದುರೆಯ ಪ್ರಕಟಣೆ, ಬೋಳುತಲೆಗೆ ಮಾಂತ್ರಿಕ ಎಣ್ಣೆಯ ಜಾಹೀರಾತು. ಈ ಪತ್ರಿಕೆ ಬಂದ ಮೇಲೆ ಆಟಕ್ಕೆ ಜೀವ ಬಂತು. ಸೌಮ್ಯ ಅಂತೂ ಹಳೆಯ ಸಂಚಿಕೆಗಳನ್ನೆಲ್ಲ ಫೈಲಿಗೆ ಹಾಕಿ, ಯಾವ ಮಂತ್ರಿ ಯಾವಾಗ ಏನು ಹೇಳಿದ್ದ ಎಂದು ಹಿಡಿದು ಕೇಳುತ್ತಿದ್ದಳು.

ಆ ಶನಿವಾರ ಮುಖ್ಯ ಸುದ್ದಿ ಭರ್ಜರಿಯಾಗಿತ್ತು. ಕೆರೆಯಲ್ಲಿ ಕರೀಸರ್ಪ, ದನ ಕರು ನುಂಗಿದೆ, ಕೊಂದವರಿಗೆ ಬಹುಮಾನ. ಸರ್ಪದ ಗುಹೆಯ ನಕ್ಷೆ ಬರೆಯಲು ಗುರುಪ್ರಕಾಶ ಮದುವನಹಳ್ಳಿಯ ಗಿರಾಕಿಯೊಬ್ಬರ ಗೃಹಪ್ರವೇಶದ ಕಾರ್ಡನ್ನೇ ತಡಮಾಡಿ ಬೈಸಿಕೊಂಡಿದ್ದ. ಎಲ್ಲ ಜೋಡಿಸಿ ನೋಡಿದರೆ, ಎರಡನೆಯ ಕಾಲಮಿನ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ. ಎಣ್ಣೆ ಜಾಹೀರಾತನ್ನು ಹಿಗ್ಗಿಸಿದ, ಚೆನ್ನಾಗಿ ಕಾಣಲಿಲ್ಲ. ಕಳುವಾದ ಕೋಳಿಯ ಸುದ್ದಿ ಹೋದ ವಾರವೇ ಆಗಿತ್ತು. ತಲೆ ಕೆರೆದುಕೊಂಡು ಕೂತ. ಆಗ ಮುರುಗೇಶ ಹೇಳಿದ್ದು ನೆನಪಾಯಿತು.

ಬೇಸಿಗೆಯ ಶುರುವಿನಲ್ಲಿ ಮುರುಗೇಶನೂ ಅವನ ಮಾವ ದೊಡ್ಡಮಾದನೂ ಕಾಳ್ಗಿಚ್ಚು ದಾಟದಂತೆ ಬೆಂಕಿರೇಖೆ ಸವರಲು ಕಾಡಿಗೆ ಹೋಗಿದ್ದಾಗ, ಮರಿ ಇಟ್ಟುಕೊಂಡ ಆನೆಯೊಂದು ನುಗ್ಗಿ ಬಂದಿತ್ತು. ಹಳ್ಳಕ್ಕೆ ಬಿದ್ದ ದೊಡ್ಡಮಾದನ ಕಾಲು ಮುರಿಯಿತು. ಮುರುಗೇಶ ಅವನನ್ನು ಬೆನ್ನ ಮೇಲೆ ಹೊತ್ತು ರಸ್ತೆಯವರೆಗೆ ತಂದ. ಇದು ಊರಿಗೆಲ್ಲ ಗೊತ್ತಿದ್ದ ಕಥೆ. 'ಮಾವನ ಜೀವ ಉಳಿಸಿದ ವೀರನಿಗೆ ಅಭಿನಂದನೆ' ಎಂದು ಹನೂರಿನ ಹುಡುಗರು ಫ್ಲೆಕ್ಸ್ ಕಟ್ಟಿಸಿದ್ದರು. ಆ ಫ್ಲೆಕ್ಸನ್ನು ಮಾಡಿಕೊಟ್ಟವನೂ ಗುರುಪ್ರಕಾಶನೇ.

ಊರಿಗೆ ಗೊತ್ತಿಲ್ಲದ್ದನ್ನು ಮುರುಗೇಶ ಹೋದ ತಿಂಗಳು ಕಾಮಗೆರೆಯ ಟೀ ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳಿದ್ದ.

"ಆನೆ ಕಂಡ್ರೆ ಓಡದು ತಪ್ಪಲ್ಲ ಕಣ್ಲಾ, ಯಾರಾದ್ರೂ ಓಡ್ತಾರೆ. ಆದ್ರೆ ಅದು ಒಂಟೋದ್ಮೇಲೂ ನಾನು ಏರ್ಕಂಡಿದ್ದ ಬಂಡೆಯಿಂದ ಇಳೀನಿಲ್ಲ. ಮಾವ ಕೆಳ್ಗಿಂದ ಕೂಗ್ತಾನೇ ಇದ್ದ. ಕೇಳುಸ್ತಿತ್ತು ನಂಗೆ. ಎಷ್ಟೋ ಒತ್ತು ಅಂಗೇ ಕುಂತಿದ್ದೆ. ನಾನು ದೂರ ಓಡೋಗಿದ್ದೆ, ಕೇಳುಸ್ನಿಲ್ಲ ಅಂತ್ಲೇ ಮಾವ ಅನ್ಕಂಡವ್ನೆ." ಇಷ್ಟು ಹೇಳಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದ. ಆಮೇಲೆ ಮುಖ ಒರೆಸಿಕೊಂಡು, "ಯಾರ್ಗೂ ಯೋಳ್ಬ್ಯಾಡ" ಎಂದಿದ್ದ. ಗುರುಪ್ರಕಾಶ ಅವನ ಕೈ ಹಿಡಿದು, "ಮಾದಪ್ಪನಾಣೆ, ಯಾರ್ಗೂ ಯೋಳಲ್ಲ ಕಣ್ಲಾ" ಎಂದಿದ್ದ. ಈ ಸೀಮೆಯಲ್ಲಿ ಮಾದಪ್ಪನ ಮೇಲೆ ಆಣೆ ಇಟ್ಟ ಮೇಲೆ ಮುಗಿಯಿತು, ಅದರಾಚೆ ಇನ್ನೊಂದು ಆಣೆ ಇಲ್ಲ.

ಆಣೆ ನೆನಪಾಗಲಿಲ್ಲ ಎಂದುಕೊಳ್ಳಬೇಡಿ. ನೆನಪಾಯಿತು. ಅದಕ್ಕೂ ಅವನ ಹತ್ತಿರ ಸಮಜಾಯಿಷಿ ಇತ್ತು. ಹೆಸರು ಹಾಕುತ್ತಿಲ್ಲವಲ್ಲ. ಆನೆಯ ಬದಲು ಕಲ್ಲುದೈತ್ಯ, ಬಂಡೆಯ ಬದಲು ಗೋಪುರ, ಕಾಡಿನ ಬದಲು ಕೋಟೆಯ ಉತ್ತರದ ಬಾಗಿಲು. ಇಷ್ಟೆಲ್ಲ ಬದಲಾದ ಮೇಲೆ ಇದು ಹೇಳಿದ ಹಾಗೆ ಹೇಗಾಗುತ್ತದೆ? ಮೂಲೆಸುದ್ದಿಯನ್ನು ಯಾರು ತಾನೇ ಓದುತ್ತಾರೆ? ಬರೆಯುತ್ತ ಹೋದಂತೆ ಕೈ ಹುರುಪಾಯಿತು. ಕೊನೆಗೆ ಒಂದು ನಿಜವಾದ ವಿವರ ಇದ್ದರೆ ಸುದ್ದಿಗೆ ಕಳೆ ಬರುತ್ತದೆಂದು ಎಲೆಯಡಿಕೆ ಚೀಲದ ಮಾತನ್ನೂ ಸೇರಿಸಿದ. ಹೊತ್ತು ತರುವಾಗ ದೊಡ್ಡಮಾದ ನೋವಿನಲ್ಲೂ ಚೀಲಕ್ಕಾಗಿ ಹಟ ಹಿಡಿದಿದ್ದನೆಂದು ಮುರುಗೇಶ ಅಳುವಿನ ನಡುವೆ ನಕ್ಕು ಹೇಳಿದ್ದ. ಅಚ್ಚು ಹಾಕಿ ಓದಿಕೊಂಡ. ಇಡೀ ಸಂಚಿಕೆಯಲ್ಲಿ ಅದೇ ಚೆನ್ನಾಗಿತ್ತು. ಅವನಿಗೆ ಹೆಮ್ಮೆಯೇ ಆಯಿತು, ಪಾಪಿಗೆ.

ಭಾನುವಾರ ಎಲ್ಲರೂ ಬಂದರು. ಮುರುಗೇಶ ಕಾಮಗೆರೆಯಲ್ಲಿ ಪವಿತ್ರಳನ್ನು ಬೈಕಿಗೆ ಹತ್ತಿಸಿಕೊಂಡು ಬಂದಿದ್ದ. ಸೌಮ್ಯ ಯಳಂದೂರಿನಿಂದ ಬಸ್ಸಿನಲ್ಲಿ ಬರುವಾಗ ಖಾರದ ಕಡಲೆಪುರಿ ಕಟ್ಟಿಸಿಕೊಂಡು ಬಂದಿದ್ದಳು. ಗುರುಪ್ರಕಾಶ ಲಗ್ನಪತ್ರಿಕೆಯ ಸ್ಯಾಂಪಲ್ ಆಲ್ಬಮನ್ನು ಮರೆಯಾಗಿ ನಿಲ್ಲಿಸಿ, ಅದರ ಹಿಂದೆ ತನ್ನ ನಕ್ಷೆ, ದಾಳ ಇಟ್ಟುಕೊಂಡು ಪತ್ರಿಕೆ ಹಂಚಿದ. ಕರೀಸರ್ಪದ ಸುದ್ದಿಗೆ ಎಲ್ಲರೂ ಹೌಹಾರುತ್ತಾರೆಂದು ಕಾದ.

ಸೌಮ್ಯ ಮೇಲಿನದನ್ನು ಕಣ್ಣಾಡಿಸಿ ಬಿಟ್ಟಳು. ಅವಳ ಬೆರಳು ಸೀದಾ ಎರಡನೆಯ ಕಾಲಮಿನ ಕೆಳಗೆ ಹೋಗಿ ನಿಂತಿತು.

"ಇಲ್ನೋಡ್ರೋ," ಎಂದು ಜೋರಾಗಿ ಓದಿದಳು. "ಉತ್ತರ ಬಾಗಿಲಿನ ಕಾವಲುಗಾರನಿಗೆ ಮಹಾರಾಜರು ಬೆಳ್ಳಿ ಕಡಗ ತೊಡಿಸಿದ್ದು ಓದುಗರಿಗೆ ತಿಳಿದೇ ಇದೆ. ಆದರೆ ಕಲ್ಲುದೈತ್ಯನು ಬಂದ ದಿನ ಆತನು ಜೊತೆಗಾರನನ್ನು ಬಿಟ್ಟು ಗೋಪುರವೇರಿ ಕುಳಿತಿದ್ದನೆಂದೂ, ದೈತ್ಯನು ಹೋದ ಮೇಲೂ, ಕೆಳಗಿನಿಂದ ಕೂಗಿದರೂ ಇಳಿಯಲಿಲ್ಲವೆಂದೂ ಬಲ್ಲವರು ಹೇಳುತ್ತಾರೆ. ಕಾಲು ಮುರಿದ ಮುದಿ ಜೊತೆಗಾರನು, ಹೊತ್ತೊಯ್ಯುವಾಗ ಎಲೆಯಡಿಕೆ ಚೀಲವಿಲ್ಲದೆ ಬರುವುದಿಲ್ಲವೆಂದು ಹಟ ಹಿಡಿದನಂತೆ."

ಪವಿತ್ರ ಕಡಲೆಪುರಿ ಬಾಯಿಗೆ ಹಾಕಿಕೊಳ್ಳುತ್ತಾ ನಕ್ಕಳು. "ಅಯ್ಯೋ, ನಮ್ಮಪ್ಪನಂಗೇ ಅವ್ನೆ ಈ ಮುದ್ಕ!"

ಗುರುಪ್ರಕಾಶ ಮುರುಗೇಶನ ಕಡೆ ನೋಡಿದ. ಅವನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಓದಿ ಮುಗಿದಿದ್ದರೂ ಓದುತ್ತಲೇ ಇದ್ದ.

"ಸರ್ಪ ಎಲ್ಲಿಗೂ ಹೋಗಲ್ಲ, ಕೆರೇಲೇ ಬಿದ್ದಿರುತ್ತೆ," ಎಂದಳು ಸೌಮ್ಯ. "ನಾವು ಉತ್ತರದ ಬಾಗಿಲಿಗೆ ಹೋಗೋಣ. ಈ ಕಳ್ಳ ವೀರನ್ನ ಹಿಡಿಯೋಣ."

"ಬಾಗಿಲು ಇವತ್ತು ಮುಚ್ಚಿದೆ," ಎಂದ ಗುರುಪ್ರಕಾಶ ಗಡಿಬಿಡಿಯಲ್ಲಿ.

"ಯಾಕೆ ಮುಚ್ಚಿದೆ? ಯಾರು ಮುಚ್ಚಿಸಿದ್ರು?" ಸೌಮ್ಯಳ ಕಣ್ಣು ಅರಳಿತು.

ಈ ಆಟ ಆಡುವವರ ಬುದ್ಧಿಯೇ ಹಾಗೆ. ಮಾಸ್ಟರ್ ಎದುರಿಗಿಟ್ಟ ಹಬ್ಬದೂಟವನ್ನು ಬಿಟ್ಟು ಮುಚ್ಚಿಟ್ಟ ಡಬ್ಬಿಗೇ ಕೈ ಹಾಕುತ್ತಾರೆ. ತಡೆದಷ್ಟೂ ಅಲ್ಲೇನೋ ಇದೆ ಎಂದು ಗಟ್ಟಿಯಾಗುತ್ತದೆ. ಗುರುಪ್ರಕಾಶ ಮಳೆ ಸುರಿಸಿದ. ಅವರು ಕಂಬಳಿ ಹೊದ್ದು ಹೊರಟರು. ರಾಜದೂತನನ್ನು ಓಡೋಡಿ ಬರುವಂತೆ ಮಾಡಿ, ಸರ್ಪ ಊರೊಳಗೇ ನುಗ್ಗಿದೆ ಎಂದು ಹೇಳಿಸಿದ. "ನೋಡ್ದ್ಯಾ ಪವಿತ್ರ, ನಮ್ಮನ್ನ ದಾರಿ ತಪ್ಪಿಸೋಕೆ ಅರಮನೆಯಿಂದಲೇ ಆಳು ಬರ್ತಿದಾರೆ," ಎಂದು ಸೌಮ್ಯ ಮೇಜು ಕುಟ್ಟಿ ನಕ್ಕಳು. ಅವಳದೇನೂ ತಪ್ಪಿಲ್ಲ. ಅವಳಿಗೆ ಅದು ಕಲ್ಲುಕೋಟೆಯ ಕಾವಲುಗಾರ, ಅಷ್ಟೇ.

ಆಟ ನಿಲ್ಲಿಸಿಬಿಡಬಹುದಿತ್ತು. ತಲೆನೋವು ಅನ್ನಬಹುದಿತ್ತು, ಕರೆಂಟು ಹೋಯಿತು ಅನ್ನಬಹುದಿತ್ತು. ಆದರೆ ಈಗ ನಿಲ್ಲಿಸಿದರೆ ಪವಿತ್ರ ಯಾಕೆ ಎಂದು ಕೇಳುತ್ತಾಳೆ ಎಂಬ ಹೆದರಿಕೆ. ಮುರುಗೇಶನಾದರೂ ಏನಾದರೂ ಹೇಳಲಿ ಎಂದು ಕಾದ. ಅವನು ದಾಳವನ್ನು ಬೆರಳ ನಡುವೆ ಹೊರಳಿಸುತ್ತಾ ಕೂತಿದ್ದ. ಅವನ ಭಟ ಇಷ್ಟು ದಿನ ಎಲ್ಲರ ಮುಂದೆ ನಡೆಯುತ್ತಿದ್ದವನು, ಇವತ್ತು ಹಿಂದೆ ಬರುತ್ತಿದ್ದ.

ಸೌಮ್ಯ ಕಾಲು ಮುರಿದ ಮುದಿ ಜೊತೆಗಾರನ ಮನೆ ಪತ್ತೆ ಮಾಡಿಯೇ ಬಿಟ್ಟಳು. ಮುದುಕನ ಮಾತನ್ನು ಮಾಸ್ಟರೇ ಆಡಬೇಕು. ಗುರುಪ್ರಕಾಶ ಗಂಟಲು ಸರಿ ಮಾಡಿಕೊಂಡು ಮುದುಕನ ದನಿ ತೆಗೆದ. "ನಂಗೇನೂ ಗ್ಯಾಪಕ ಇಲ್ಲ ಕಣವ್ವ, ವಯಸ್ಸಾಯ್ತು."

"ನಿಜ ಹೇಳಿಸೋ ಮದ್ದು ಕುಡಿಸ್ತೀನಿ," ಎಂದು ಸೌಮ್ಯ ದಾಳ ಹಾಕಿದಳು. ಇಪ್ಪತ್ತು ಬಿತ್ತು. ಇಪ್ಪತ್ತು ಬಿದ್ದ ಮೇಲೆ ಮುದುಕ ಸುಳ್ಳು ಹೇಳುವಂತಿಲ್ಲ. ಅದು ಆಟದ ಕಾನೂನು, ಮಾಸ್ಟರಿಗೂ ಮೀರಲು ಬರುವುದಿಲ್ಲ.

"ಬಿದ್ದಿದ್ದು ಎಲ್ಲಿ ತಾತ?"

"ಹಳ್ಳದಲ್ಲಿ," ಎಂದ ಗುರುಪ್ರಕಾಶ. ಎಂದಮೇಲೆ ತಿಳಿಯಿತು. ಕೋಟೆಯ ಬಾಗಿಲಿನಲ್ಲಿ ಹಳ್ಳ ಎಲ್ಲಿಂದ ಬಂತು?

ಪವಿತ್ರಳ ಕೈ ಕಡಲೆಪುರಿಯ ಪೊಟ್ಟಣದಲ್ಲೇ ನಿಂತಿತು. ಅವಳು ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮೂಲೆಯ ಸುದ್ದಿಯನ್ನು ಮೊದಲಿನಿಂದ ಓದಿದಳು. ಒಮ್ಮೆ ಗುರುಪ್ರಕಾಶನನ್ನು ನೋಡಿದಳು, ಆಮೇಲೆ ಮುರುಗೇಶನನ್ನು.

"ತಾತ," ಎಂದಳು. ಆಟದ ದನಿಯಲ್ಲ ಅದು, ಆಸ್ಪತ್ರೆಯಲ್ಲಿ ರೋಗಿಯನ್ನು ಎಲ್ಲಿ ನೋವು ಎಂದು ಕೇಳುವ ದನಿ. "ನೀನು ಏನಂತ ಕೂಗ್ದೆ?"

ಗುರುಪ್ರಕಾಶ ಆಲ್ಬಮಿನ ಮರೆಯಲ್ಲಿ ತಲೆ ತಗ್ಗಿಸಿದ. ಏನು ಹೇಳಿದರೂ ಕೆಟ್ಟಿತು, ಹೇಳದಿದ್ದರೂ ಕೆಟ್ಟಿತು. ಹೀಗೆ ಸಿಕ್ಕಿಬೀಳುವುದಕ್ಕಿಂತ ಆ ನಾಲ್ಕು ಬೆರಳು ಜಾಗವನ್ನು ಖಾಲಿ ಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

"ತಾತನ ಬುಡು," ಎಂದ ಮುರುಗೇಶ. ಅಷ್ಟು ಹೊತ್ತಿನಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ನಾನು ಪತ್ರಿಕೆ ಆಫೀಸ್ಗೆ ಓಯ್ತೀನಿ. ಸಂಪಾದಕ್ರ ಮಾತಾಡುಸ್ಬೇಕು."

ಸೌಮ್ಯ, "ಸೂಪರ್! ಅದು ಸರಿಯಾದ ದಾರಿ," ಎಂದಳು. ಯಾರೂ ನಗಲಿಲ್ಲ.

ಕಲ್ಲುಕೋಟೆ ಸಮಾಚಾರದ ಸಂಪಾದಕನನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಅವನಿಗೆ ಹೆಸರಿಲ್ಲ, ಮುಖವಿಲ್ಲ. ಮಾಸ್ಟರೇ ಅವನಾಗಬೇಕು.

"ಬನ್ನಿ," ಎಂದ ಗುರುಪ್ರಕಾಶ. ಬೇರೆ ದನಿ ತೆಗೆಯಲು ನೋಡಿದ, ಬರಲಿಲ್ಲ. ಅವನ ದನಿಯೇ ಬಂತು.

"ನಮಸ್ಕಾರ ಸಾ. ಈ ಸುದ್ದಿ ನಿಮ್ಗೆ ಯಾರು ಕೊಟ್ರು ಸಾ?"

ಹತ್ತು ಹದಿನೈದು ವರ್ಷ ಲೇ, ಲಾ ಎಂದು ಮಾತಾಡಿಸಿದವನು ಸಾ ಎಂದದ್ದು ಗುರುಪ್ರಕಾಶನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ಸುದ್ದಿ ಕೊಟ್ಟವ್ರ ಹೆಸರು ನಾವು ಹೇಳೋದಿಲ್ಲ," ಎಂದ.

"ಬ್ಯಾಡ ಬುಡಿ. ಕೊಟ್ಟೋನು ನಿಮ್ ತಾವ ಕುಂತ್ಕಂಡು ಅತ್ತಿದ್ದ. ಅದ್ನ ಯಾಕೆ ಆಕ್ನಿಲ್ಲ ಸಾ? ಜಾಗ ಸಾಲ್ನಿಲ್ವಾ?"

ಹೊರಗೆ ಯಾವುದೋ ಬಸ್ಸು ಹಾರನ್ ಹೊಡೆಯಿತು. ಗುರುಪ್ರಕಾಶ ಆಲ್ಬಮನ್ನು ಮಡಿಸಿ ಪಕ್ಕಕ್ಕಿಟ್ಟ. ಈಗ ಅವನಿಗೂ ಅವರಿಗೂ ನಡುವೆ ಮರೆ ಇರಲಿಲ್ಲ.

"ಜಾಗ ಇತ್ತು ಕಣ್ಲಾ," ಎಂದ. "ಜಾಗ ತುಂಬ್ಸಕ್ಕೇ ಬರ್ದಿದ್ದು. ಮತ್ತೇನೂ ಕಾರಣ ಇರ್ನಿಲ್ಲ. ತಪ್ಪಾಯ್ತು."

ಮುರುಗೇಶ ತಲೆಯಾಡಿಸಿದ. ಆಮೇಲೆ ಪವಿತ್ರಳ ಕಡೆ ತಿರುಗಿದ. "ನನ್ ಎಸ್ರಿಡ್ದು ಕೂಗ್ದ ನಿಮ್ಮಪ್ಪ. ಮುರ್ಗೇಸಾ, ಬಾ ಮಗಾ ಅಂತ. ಕೇಳುಸ್ತು. ನಾನು ಇಳೀನಿಲ್ಲ."

ಸೌಮ್ಯಳಿಗೆ ಈಗ ಅರ್ಥವಾಯಿತು. "ಅಯ್ಯೋ, ಗುರು," ಎಂದಳು ಮೆಲ್ಲಗೆ. "ಇದನ್ನ ನನ್ ಕೈಲಿ ಮಾಡಿಸಿದ್ಯಲ್ಲೋ."

ಪವಿತ್ರ ಅಳಲಿಲ್ಲ, ಕೂಗಾಡಲೂ ಇಲ್ಲ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, "ನಿಮ್ಗೆ ಯಾವಾಗ್ನಿಂದ ಗೊತ್ತು ಅಣ್ಣ?" ಎಂದು ಗುರುಪ್ರಕಾಶನನ್ನು ಕೇಳಿದಳು.

"ಹೋದ ತಿಂಗ್ಳು."

"ಲಗ್ನಪತ್ರಿಕೆಗೆ ಎಸ್ರು ಬರ್ಸಕ್ಕೆ ನಾನು ಬಂದಿದ್ನಲ್ಲ, ಆವತ್ತೂ ಗೊತ್ತಿತ್ತು."

"ಗೊತ್ತಿತ್ತು."

"ಅದ್ನ ಸದ್ಯಕ್ಕೆ ಅಚ್ಚಾಕ್ಬ್ಯಾಡಿ," ಎಂದಳು. ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು. ಅವಳ ಚಪ್ಪಲಿಯ ಸದ್ದು ಬಸ್‌ಸ್ಟ್ಯಾಂಡ್ ಕಡೆಗೆ ಹೋಯಿತು, ಬೈಕ್ ನಿಂತಿದ್ದ ಕಡೆಗಲ್ಲ.

ಮುರುಗೇಶ ದಾಳವನ್ನು ಮೇಜಿನ ಮೇಲಿಟ್ಟು ಎದ್ದ. ಗುರುಪ್ರಕಾಶ ಅವನ ದಾರಿಗೆ ಅಡ್ಡ ನಿಂತ. ಏನಾದರೂ ಮಾಡಬೇಕು, ಈಗಲೇ ಮಾಡಬೇಕು ಎನ್ನುವ ಆತುರದಲ್ಲಿ ಅವನಿಗೆ ತೋಚಿದ್ದೂ ಪತ್ರಿಕೆಯೇ.

"ಮುಂದಿನ್ವಾರ ತಿದ್ದುಪಡಿ ಆಕ್ತೀನಿ ಕಣ್ಲಾ. ಮೊದಲ್ನೇ ಪುಟದಲ್ಲೇ ಆಕ್ತೀನಿ. ಆ ಸುದ್ದಿ ಸುಳ್ಳು ಅಂತ, ಕಾವಲುಗಾರಂದೇನೂ ತಪ್ಪಿಲ್ಲ ಅಂತ. ಪವಿತ್ರನ ಕೈಗೆ ನಾನೇ ಕೊಡ್ತೀನಿ, ಕಾಲಿಗ್ಬೇಕಾದ್ರೂ ಬೀಳ್ತೀನಿ."

"ಅದ್ರಲ್ಲಿ ಸುಳ್ಳೇನದೆ ತಿದ್ದಕ್ಕೆ?" ಎಂದ ಮುರುಗೇಶ. ಕೋಪವೂ ಇರಲಿಲ್ಲ ಆ ದನಿಯಲ್ಲಿ. ಕೋಪ ಇದ್ದಿದ್ದರೆ ಗುರುಪ್ರಕಾಶ ತಡೆದುಕೊಳ್ಳುತ್ತಿದ್ದ, ನಾಲ್ಕು ಏಟು ಬಿದ್ದಿದ್ದರೂ ತಿನ್ನುತ್ತಿದ್ದ.

"ಅವ್ಳಿಗೆ ನಾನೇ ಯೋಳಾವ ಅಂತ ಮಾತು ಜೋಡ್ಸ್ಕತಿದ್ದೆ ಕಣ್ಲಾ. ಕಾಡಲ್ಲಿ ಗಸ್ತು ತಿರ್ಗೋವಾಗೆಲ್ಲ ಅದೇ ಕೆಲ್ಸ. ಇಂಗೆ ಸುರು ಮಾಡಾವ, ಅಂಗೆ ಸುರು ಮಾಡಾವ ಅಂತ. ನಿನ್ ತಾವ ಯೋಳಿದ್ದೂ ಅದ್ಕೇಯ, ಬಾಯಿ ಪಳಗ್ಲಿ ಅಂತ. ನಾನೇ ಯೋಳಿದ್ರೆ ಬೈತಿದ್ಲು, ಅಳ್ತಿದ್ಲು, ಆಮೇಲೆ ಏನೋ ಒಂದಾಯ್ತಿತ್ತು. ಆವತ್ತು ಓಡೋಗಿದ್ದೆ, ಯೋಳಕ್ಕಾದ್ರೂ ನಿಂತ್ಕತೀನಿ ಅನ್ಕಂಡಿದ್ದೆ. ಈಗ ಅವ್ಳ ಕಣ್ಗೆ ನಾನು ಎರಡು ಸಲ ಓಡೋದಂಗಾಯ್ತು."

ಗುರುಪ್ರಕಾಶ ದಾರಿ ಬಿಟ್ಟ. ಬಿಡದೆ ಇನ್ನೇನು ಮಾಡುತ್ತಾನೆ? ಮುರುಗೇಶ ಬಗ್ಗಿ ಹೊರಗೆ ಹೋದ. ಬೈಕಿನ ಸದ್ದು ಕೇಳಿಸಿತು.

ಗುರುಪ್ರಕಾಶ ಗಲ್ಲಿಯ ತುದಿಗೆ ಓಡಿ ಬರುವ ಹೊತ್ತಿಗೆ ಕಾಮಗೆರೆ ಮೇಲೆ ಹೋಗುವ ಹನೂರಿನ ಬಸ್ಸು ಹೊರಟಿತ್ತು. ಕಿಟಕಿಯ ಪಕ್ಕ ಪವಿತ್ರ ಕೂತಿದ್ದಳು, ಈ ಕಡೆ ನೋಡಲಿಲ್ಲ. ಮುರುಗೇಶನ ಬೈಕು ಆ ಬಸ್ಸಿನ ಹಿಂದೆಯೇ, ರಸ್ತೆ ಖಾಲಿ ಇದ್ದರೂ ಅದನ್ನು ದಾಟದೆ, ಕಾಮಗೆರೆಯ ಕಡೆಗೆ ಹೋಯಿತು.